ಐದು ಅಕ್ಷರ ಬಂದರೆ ಓದು ಶುರು: ಮಕ್ಕಳಿಗೆ ಖುಷಿಯಿಂದ ಕನ್ನಡ ಓದು ಕಲಿಸುವ ಸಮಗ್ರ ಮಾರ್ಗದರ್ಶಿ

ಅ ಇಂದ ಳ ವರೆಗೆ ಗಡಗಡ ಹೇಳುವ ಮಗು ‘ಮರ’ ಎಂಬ ಪದದ ಮುಂದೆ ನಿಂತುಬಿಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರದಲ್ಲೂ ಪಾಲಕರು ಕೇಳುವ ಪ್ರಶ್ನೆ ಇದೇ: ‘ಅಕ್ಷರ ಎಲ್ಲಾ ಬರ್ತದೆ, ಓದೂಕೆ ಮಾತ್ರ ಬರೂದಿಲ್ಲ, ಎಂಥ ಮಾಡೂದು?’

ಮಗುವಿನಲ್ಲಿ ದೋಷವಿಲ್ಲ, ಕಲಿಸುವ ಕ್ರಮದಲ್ಲಿದೆ. ಮೊದಲು 49 ಅಕ್ಷರ, ಆಮೇಲೆ 34 ವ್ಯಂಜನಕ್ಕೆ ತಲಾ 15 ರೂಪದಂತೆ 510 ಕಾಗುಣಿತ, ಅದೂ ಮುಗಿದ ಮೇಲೆ ಪದ, ಕೊನೆಗೆ ಕತೆ ಎಂದು ಹೊರಟರೆ ಒಂದು ವರ್ಷ ಮಗುವಿಗೆ ಅರ್ಥವಿರುವ ಒಂದು ಸಾಲೂ ಸಿಗುವುದಿಲ್ಲ. ರಾಗವಾಗಿ ಹೇಳುವುದನ್ನೇ ಅದು ಓದು ಎಂದುಕೊಳ್ಳುತ್ತದೆ. ಇಲ್ಲಿ ಕೊಟ್ಟ ಕ್ರಮ ಬೇರೆ: ಕಿವಿ ಮೊದಲು, ಐದೇ ಅಕ್ಷರಕ್ಕೆ ಪದ, ಪದದೊಳಗೇ ಕಾಗುಣಿತ. ಕತೆ ಮಾತ್ರ ಮೊದಲ ದಿನದಿಂದ ಕೊನೆಯವರೆಗೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಹಳೆಯ ಮದುವೆ ಕಾಗದ ಅಥವಾ ನೋಟ್‌ಬುಕ್ ರಟ್ಟಿನಿಂದ 3 ಇಂಚು ಚೌಕದ 40 ಕಾರ್ಡು ಕತ್ತರಿಸಿ. ದಪ್ಪ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಕಾರ್ಡಿಗೊಂದು ಅಕ್ಷರ ಬರೆದು, ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆ ಇದ್ದರೆ ಮಗು ಕಾರ್ಡನ್ನು ತಲೆಕೆಳಗು ಹಿಡಿಯುವುದಿಲ್ಲ. ಎಲ್ಲ ಅಕ್ಷರಕ್ಕೂ ಒಂದೇ ಬಣ್ಣ ಇರಲಿ. ಒಂದೊಂದಕ್ಕೆ ಒಂದೊಂದು ಬಣ್ಣ ಹಚ್ಚಿದರೆ ಮಗು ಅಕ್ಷರದ ಬದಲು ಬಣ್ಣ ನೆನಪಿಟ್ಟುಕೊಳ್ಳುತ್ತದೆ. ಕಾರ್ಡಿನಲ್ಲಿ ಚಿತ್ರವೂ ಬೇಡ, ಅದೇ ಕಾರಣಕ್ಕೆ.

ಒಂದು ಸ್ಟೀಲ್ ತಟ್ಟೆ, ಅದರಲ್ಲಿ ತೆಳುವಾಗಿ ಹರಡಿದ ರವೆ ಅಥವಾ ಒಣ ಮರಳು, ಸ್ಲೇಟು, ಬಳಪ, ಮಧ್ಯದಲ್ಲಿ 3 ಇಂಚು ಉದ್ದ, ಅರ್ಧ ಇಂಚು ಅಗಲದ ಕಿಂಡಿ ಕೊರೆದ ರಟ್ಟಿನ ಪಟ್ಟಿ, ಏನು ಬಂತು, ಎಲ್ಲಿ ತಡವರಿಸಿತು ಎಂದು ನೀವು ಗುರುತಿಟ್ಟುಕೊಳ್ಳಲು ಒಂದು ಸಣ್ಣ ಪುಸ್ತಕ ಇವೂ ಬೇಕು.

ಇನ್ನು ಆರೆಂಟು ಚಿತ್ರಪುಸ್ತಕ. ಪುಟಕ್ಕೆ ಒಂದೆರಡು ಸಾಲು ಸಾಕು. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕತೆಗಳು 4 ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಹಂತದ್ದನ್ನೇ ಆರಿಸಿ ಮುದ್ರಿಸಿಕೊಳ್ಳಿ. ಮೊಬೈಲಿನಲ್ಲೇ ಓದಿಸುವುದಾದರೆ ಫೋನು ನಿಮ್ಮ ಕೈಯಲ್ಲಿರಲಿ. ಮಗುವಿನ ಕೈಗೆ ಹೋದ ಫೋನಿನಲ್ಲಿ ಕತೆ ಎರಡು ನಿಮಿಷ ಉಳಿಯುವುದು ಕಷ್ಟ.

ಹೊತ್ತು: ಅಕ್ಷರದ ಆಟಕ್ಕೆ ದಿನಕ್ಕೆ 10 ನಿಮಿಷ, ಕತೆಗೆ 15 ನಿಮಿಷ. ಇದಕ್ಕಿಂತ ಹೆಚ್ಚು ಎಳೆಯಬೇಡಿ. ಮಗು ‘ಇನ್ನೊಂದು’ ಎನ್ನುವಾಗಲೇ ನಿಲ್ಲಿಸಿದರೆ ನಾಳೆ ತಾನೇ ಕಾರ್ಡು ಹುಡುಕಿಕೊಂಡು ಬರುತ್ತದೆ.

## ಹಂತ 1: ಕಿವಿ ಪಳಗಿಸುವುದು (2ರಿಂದ 3 ವಾರ)

ಕನ್ನಡದ ಬರಹ ನಿಂತಿರುವುದು ಉಚ್ಚಾರದ ತುಂಡುಗಳ ಮೇಲೆ. ‘ಕಾರವಾರ’ವನ್ನು ಕಾ-ರ-ವಾ-ರ ಎಂದು ಒಡೆಯಲು ಕಿವಿಗೆ ಬಾರದಿದ್ದರೆ ಕಣ್ಣಿಗೆ ಅಕ್ಷರ ತೋರಿಸಿ ಉಪಯೋಗವಿಲ್ಲ.

ಹೆಸರಿಗೆ ಚಪ್ಪಾಳೆ ತಟ್ಟಿಸಿ: ಶಿ-ರ-ಸಿ ಮೂರು, ಅ-ಡಿ-ಕೆ ಮೂರು, ದೋ-ಣಿ ಎರಡು. ಒಂದು ವಾರ ಕಳೆದ ಮೇಲೆ ಕೊನೆಯ ತುಂಡು ಹಿಡಿದು ಪದ ಕಟ್ಟಿಸಿ: ಮರ, ರಸ, ಸಮಯ... ನಂತರ ಒಂದು ತುಂಡು ತೆಗೆಸಿ: ‘ಗರಗಸದಲ್ಲಿ ಮೊದಲ ಗ ತೆಗೆದರೆ?’ ಪುಸ್ತಕ, ಪೆನ್ನು ಯಾವುದೂ ಬೇಡ. ಬಸ್ಸಿಗೆ ಕಾಯುವಾಗ, ಮೀನು ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಆಡಿಸಬಹುದು. ಹತ್ತು ಪದದಲ್ಲಿ ಎಂಟನ್ನು ಸರಿಯಾಗಿ ಒಡೆದರೆ ಮುಂದಿನ ಹಂತ.

## ಹಂತ 2: ದಿನಕ್ಕೊಂದು ಕತೆ, ಪರೀಕ್ಷೆ ಬೇಡ

ಈ ಹಂತ ಮುಗಿಯುವುದಿಲ್ಲ. ಮಗು ತಾನೇ ಓದಲು ಕಲಿತ ಮೇಲೂ ನಡೆಯಬೇಕು.

ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ಎದುರಿಗಲ್ಲ. ಎದುರು ಕೂತರೆ ಅಕ್ಷರ ತಲೆಕೆಳಗಾಗಿ ಕಾಣುತ್ತದೆ. ಮೊದಲ ಸಲ ಕತೆಯನ್ನು ನಡುವೆ ನಿಲ್ಲಿಸದೆ ಓದಿ. ಎರಡನೇ ಸಲ ಒಂದೆರಡು ಕಡೆ ನಿಂತು ‘ಮುಂದೆಂಥ ಆಗಬಹುದು?’ ಎಂದು ಕೇಳಿ. ಮೂರನೇ ಸಲಕ್ಕೆ ಮರುಕಳಿಸುವ ಸಾಲನ್ನು ಮಗುವೇ ಹೇಳಲಿ. ಓದುವಾಗ ಸಾಲಿನ ಕೆಳಗೆ ಬೆರಳು ಜಾರಿಸುತ್ತಿರಿ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಎಂಬುದು ಹೇಳಿಕೊಡದೆಯೇ ಬರುತ್ತದೆ. ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಓದಿ. ಪುಟ ನೋಡಿ ಬಾಯಿಪಾಠ ಹೇಳುವ ಮಗು ಮೋಸ ಮಾಡುತ್ತಿಲ್ಲ, ಬಾಯಿಗೆ ಬಂದದ್ದನ್ನು ಕಣ್ಣಿಗೆ ಜೋಡಿಸುತ್ತಿದೆ.

ಇಲ್ಲಿ ಆಗುವ ದೊಡ್ಡ ತಪ್ಪು, ಕತೆಯ ನಡುವೆ ‘ಇದು ಯಾವ ಅಕ್ಷರ ಹೇಳು ನೋಡುವ’ ಎನ್ನುವುದು. ನಾಲ್ಕು ಸಲ ಹೀಗೆ ಕೇಳಿದರೆ ಐದನೇ ಸಲ ಪುಸ್ತಕ ತೆಗೆದಾಗ ಮಗು ಎದ್ದು ಹೋಗುತ್ತದೆ. ಅಕ್ಷರದ ಆಟ ಬೆಳಗ್ಗೆ, ಕತೆ ರಾತ್ರಿ. ಎರಡನ್ನೂ ಕಲಸಬೇಡಿ.

ಓದು ಬಾರದ ಹಿರಿಯರಿರುವ ಮನೆಯಲ್ಲೂ ಇದು ನಡೆಯುತ್ತದೆ. ಅಜ್ಜಿ ಚಿತ್ರ ನೋಡಿ ಕತೆ ಕಟ್ಟಿ ಹೇಳಲಿ, ಮಗು ಪುಟ ತಿರುಗಿಸಲಿ. ಶಿರಸಿ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಮನೆಮಂದಿಯೆಲ್ಲ ಸುಲಿಯಲು ಕೂತಾಗ ಕೈಗೆ ಕೆಲಸ, ಕಿವಿಗೆ ಬಿಡುವು. ಓದಲು ಬರುವ ಅಣ್ಣನೋ ಅಕ್ಕನೋ ಗಟ್ಟಿಯಾಗಿ ಓದಲಿ, ಸಣ್ಣವರು ಕೇಳಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿರುತ್ತಾರೆ. ಶಾಲೆ ಶುರುವಾಗುವ ಹೊತ್ತೂ ಅದೇ. ದಿನದ ಕತೆಯ ರೂಢಿ ಹಾಕಲು ಇದಕ್ಕಿಂತ ಒಳ್ಳೆಯ ಎರಡು ತಿಂಗಳಿಲ್ಲ.

## ಹಂತ 3: ಐದು ಅಕ್ಷರ, ತಕ್ಷಣ ಪದ

ವರ್ಣಮಾಲೆಯ ಸಾಲು ಹಿಡಿಯಬೇಡಿ. ಅ ಆ ಇ ಈ ಉ ಊ ಎಂದು ಹೋದರೆ ಆರು ಅಕ್ಷರ ಕಲಿತರೂ ಓದಲು ಪದವಿಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಮೊದಲ ಗುಂಪು ರ ಗ ಸ ದ ಅ, ಎರಡನೆಯದು ಜ ವ ಮ ಬ ನ. ಮನೆಯಲ್ಲೂ ಇದನ್ನೇ ಹಿಡಿದರೆ ಶಾಲೆಗೂ ಮನೆಗೂ ತಾಳ ತಪ್ಪುವುದಿಲ್ಲ.

ಮೊದಲ ಐದರಿಂದಲೇ ಸಿಗುವ ಪದ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ. ಎರಡನೇ ಗುಂಪು ಸೇರಿದರೆ ಮರ, ಜನ, ವನ, ಬಸವ, ನಗರ. ಅಷ್ಟರಲ್ಲೇ ‘ಬಸವನ ಮರ’, ‘ಅರಸನ ನಗರ’ ಎಂಬ ಜೋಡಿಯೂ ಓದಬಹುದು. ಹತ್ತು ಅಕ್ಷರಕ್ಕೆ ಅರ್ಥವಿರುವ ಮಾತು ಓದಿದ ಮಗುವಿನ ಮುಖ ನೋಡಿದರೆ ಈ ಕ್ರಮದ ಬೆಲೆ ತಿಳಿಯುತ್ತದೆ. ಮುಂದೆ ಪ ಯ ಉ ಡ ಟ ಚ, ಆಮೇಲೆ ಲ ಕ ಹ ತ ಳ ಶ ಇ ಎ ಹೀಗೆ ಸಾಗಿ.

ಒಂದು ಗುಂಪಿಗೆ 7ರಿಂದ 10 ದಿನ. ಮೊದಲ ದಿನ ಎರಡೇ ಕಾರ್ಡು. ನೀವು ಹೇಳಿ, ಮಗು ರವೆಯ ತಟ್ಟೆಯಲ್ಲಿ ಬೆರಳಿಂದ ತಿದ್ದಲಿ, ತಿದ್ದುತ್ತಾ ಹೇಳಲಿ. ಸಮುದ್ರ ಹತ್ತಿರವಿದ್ದರೆ ನೀರು ಇಳಿದ ಒದ್ದೆ ಮರಳಿನಲ್ಲಿ ಆಳೆತ್ತರದ ರ ಬರೆದು ಅದರ ಮೇಲೆ ನಡೆಸಿ. ಎರಡನೇ ದಿನ ಮೂರನೇ ಕಾರ್ಡು, ಜೊತೆಗೆ ಮೊದಲ ಪದ. ಪದ ಓದಿಸುವಾಗ ಕಾರ್ಡುಗಳನ್ನು ಒಂದು ಗೇಣು ದೂರ ಇಟ್ಟು ‘ಸ... ರ’ ಎನ್ನಿಸಿ, ಹತ್ತಿರ ತಳ್ಳುತ್ತಾ ‘ಸರ’ ಎನ್ನಿಸಿ. ಮಗುವಿಗೇ ತಳ್ಳಲು ಬಿಡಿ. ಓದಿದ ಕೂಡಲೇ ‘ಸರ ಎಲ್ಲಿರ್ತದೆ?’ ಎಂದು ಕೇಳಿ, ಕುತ್ತಿಗೆ ಮುಟ್ಟಿ ತೋರಿಸಲಿ. ಅರ್ಥ ಗೊತ್ತಿಲ್ಲದ ಪದ ಓದಿಸಬೇಡಿ.

ಮುಂದಿನ ಗುಂಪಿಗೆ ಹೋಗುವ ಮುನ್ನ ಕಾರ್ಡು ಕಲಸಿ ತೋರಿಸಿ. ಎರಡು ಮೂರು ಸೆಕೆಂಡಿನಲ್ಲಿ ಹೇಳಿದರೆ ಬಂದಿದೆ ಎಂದರ್ಥ. ‘ರ ಗ ಸ ದ’ ಎಂದು ಒಳಗೇ ಎಣಿಸಿಕೊಂಡು ದ ಹೇಳಿದರೆ ಬಂದಿಲ್ಲ, ಇನ್ನೂ ಮೂರು ದಿನ ಆಡಿಸಿ.

ಹೋಲುವ ಅಕ್ಷರಗಳನ್ನು ಒಂದೇ ವಾರ ಕಲಿಸಿದರೆ ವರ್ಷಗಟ್ಟಲೆ ಗೊಂದಲ ಉಳಿಯುತ್ತದೆ: ನ-ಸ, ರ-ಠ, ಬ-ಭ, ದ-ಧ-ಥ, ಡ-ಢ, ಪ-ಷ-ಫ. ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದು. ಖ, ಘ, ಭ ದಂಥ ಮಹಾಪ್ರಾಣಗಳು ಕೊನೆಗೆ ಬಂದರೆ ನಷ್ಟವಿಲ್ಲ. ಙ, ಞ ಗಳನ್ನು ಮೊದಲ ವರ್ಷ ಬಿಟ್ಟೇಬಿಡಿ, ಮಕ್ಕಳ ಪುಸ್ತಕದಲ್ಲಿ ಬಿಡಿಯಾಗಿ ಬರುವುದೇ ಅಪರೂಪ.

ಹತ್ತತ್ತು ಸಲ ಬರೆಸುವುದು ಈ ಹಂತದ ಕೆಲಸವಲ್ಲ. ಐದು ವರ್ಷದ ಕೈ ಬೇಗ ಸೋಲುತ್ತದೆ, ಕೈ ಸೋತ ಮಗು ಓದನ್ನೇ ದೂರುತ್ತದೆ.

## ಹಂತ 4: ಕಾಗುಣಿತಕ್ಕೆ ಬಸ್ಸಿನ ಬೋರ್ಡು

15, 16 ಅಕ್ಷರ ಬಂದ ಮೇಲೆ ಕಾಗುಣಿತ ಶುರು ಮಾಡಿ, ಎಲ್ಲ ಅಕ್ಷರ ಮುಗಿಯಲಿ ಎಂದು ಕಾಯಬೇಡಿ. ‘ಕ ಕಾ ಕಿ ಕೀ’ ಹಾಡಿಸಬೇಡಿ. ಒಂದು ಸಲಕ್ಕೆ ಒಂದೇ ಚಿಹ್ನೆ, ಕಲಿತ ಎಲ್ಲ ಅಕ್ಷರಕ್ಕೂ ಹಚ್ಚಿ. ಇಳಿಯಿಂದ (ಕಾ ದಲ್ಲಿರುವ ಚಿಹ್ನೆ) ಆರಂಭಿಸಿ, ಜೋಡಿಯಾಗಿ ಓದಿಸಿ: ದರ-ದಾರ, ಜಗ-ಜಾಗ, ವರ-ವಾರ, ನಗ-ನಾಗ. ಒಂದು ಚಿಹ್ನೆ ಬದಲಾದರೆ ಅರ್ಥವೇ ಬದಲಾಗುತ್ತದೆ ಎಂದು ಮಗುವಿಗೆ ಕಾಣಬೇಕು.

ನಮ್ಮ ಜಿಲ್ಲೆಯ ಬಸ್ ಬೋರ್ಡುಗಳು ಈ ಕೆಲಸಕ್ಕೆಂದೇ ಮೆಟ್ಟಿಲು ಕಟ್ಟಿದ ಹಾಗಿವೆ. ಇಳಿ ಒಂದೇ ಗೊತ್ತಿದ್ದರೆ ‘ಕಾರವಾರ’ ಓದಬಹುದು. ಗುಡಿಸು (ಕಿ) ಬಂದರೆ ‘ಶಿರಸಿ’, ಇಳಿ ಗುಡಿಸು ಎರಡೂ ಬಂದರೆ ‘ಹಳಿಯಾಳ’. ಕೊಂಬು (ಕು) ಬಂದರೆ ‘ಕುಮಟಾ’. ಓತ್ವದ ದೀರ್ಘ (ಕೋ), ಸೊನ್ನೆ ಸೇರಿದರೆ ‘ಅಂಕೋಲಾ’. ಏತ್ವದ ದೀರ್ಘ (ಕೇ) ಸೇರಿದರೆ ‘ದಾಂಡೇಲಿ’. ಒತ್ತಕ್ಷರಕ್ಕೆ ‘ಯಲ್ಲಾಪುರ’, ‘ಹೊನ್ನಾವರ’. ಬೇರೆ ಅಕ್ಷರದ ಒತ್ತಿಗೆ ‘ಭಟ್ಕಳ’. ಅರ್ಕಾವೊತ್ತಿಗೆ (ರ್ಕ) ‘ಗೋಕರ್ಣ’. ಬಸ್ ಸ್ಟ್ಯಾಂಡಿನಲ್ಲಿ ಕಾಲು ಗಂಟೆ ಕಾದರೆ ಅರ್ಧ ಜಿಲ್ಲೆ ಓದಿಸಬಹುದು. ‘ನಮ್ಮ ಬಸ್ಸು ಬಂದರೆ ನೀನೇ ಹೇಳು’ ಎಂದು ಜವಾಬ್ದಾರಿ ಕೊಡಿ. ಆ ಓದಿಗೆ ಅಲ್ಲೇ ಉಪಯೋಗವಿದೆ, ಮಗು ಕಣ್ಣು ಕಿತ್ತು ನೋಡುತ್ತದೆ.

ಚಿಹ್ನೆಗಳ ಕ್ರಮ: ಇಳಿ, ಗುಡಿಸು, ಕೊಂಬು, ಏತ್ವ, ಓತ್ವ, ಆಮೇಲೆ ದೀರ್ಘಗಳು, ಐತ್ವ (ಕೈ), ಔತ್ವ (ಕೌ), ವಟ್ರಸುಳಿ (ಕೃ) ಕೊನೆಗೆ. ಮಕ್ಕಳು ಬೀಳುವ ಹೊಂಡ ಎರಡಿವೆ.

ಮೊದಲನೆಯದು ಪು, ವು. ಕು, ರು, ಸು ಗಳಲ್ಲಿ ಕೊಂಬು ಬಲಕ್ಕೆ ಮೇಲೇಳುತ್ತದೆ. ವ ಗೆ ಹಾಗೆ ಎಳೆದರೆ ಅದು ಮ ಆಗಿಬಿಡುತ್ತದೆ. ಅದಕ್ಕೇ ಅಲ್ಲಿ ಕೊಂಬು ಕೆಳಗಿಳಿದು ಅಂಟುತ್ತದೆ. ಸ್ಲೇಟಿನಲ್ಲಿ ವ ಬರೆದು, ಎರಡು ರೀತಿಯಲ್ಲೂ ಕೊಂಬು ಹಾಕಿ ತೋರಿಸಿ. ಕಾರಣ ಕಂಡ ಮಗು ಮತ್ತೆ ತಪ್ಪುವುದು ಕಡಿಮೆ.

ಎರಡನೆಯದು ಹ್ರಸ್ವ-ದೀರ್ಘ. ಕೆರೆ-ಕೇರಿ, ಬೆಲೆ-ಬೇಲಿ, ಕೊಳೆ-ಕೋಳಿ ಇವನ್ನು ಜೋಡಿ ಕಾರ್ಡಿನಲ್ಲಿ ಆಡಿಸಿ. ದೀರ್ಘ ಬಂದಾಗ ಮಗು ಕೈ ಚಾಚಲಿ.

ಬೆರಳು ಮಡಚಿ ‘ಕ ಕಾ ಕಿ ಕೀ ಕು ಕೂ’ ಎಂದು ಎಣಿಸುತ್ತಾ ಕೇ ತಲುಪುವ ಮಗು ಕಂಡರೆ ಹಾಡು ನಿಲ್ಲಿಸಿ, ಜೋಡಿ ಪದಕ್ಕೆ ಮರಳಿ.

## ಹಂತ 5: ಸೊನ್ನೆ, ಒತ್ತು, ಅರ್ಕಾವೊತ್ತು

ಸೊನ್ನೆಗೆ ‘ಅಮ್’ ಎಂದು ಹೇಳಿಕೊಟ್ಟರೆ ಮಗು ‘ಅಮ್-ಗಡಿ’ ಎಂದು ಓದುತ್ತದೆ. ಮುಂದಿನ ಅಕ್ಷರ ನೋಡಿ ಸೊನ್ನೆ ದನಿ ಬದಲಿಸುತ್ತದೆ. ನಿಯಮ ಹೇಳಬೇಡಿ, ಬಾಯಲ್ಲಿರುವ ಪದ ಕೊಡಿ: ಅಂಗಡಿ, ಬಂಗಡೆ, ಮಂಚ, ತಂದೆ, ಕಂಬ. ನಾಲಿಗೆಗೆ ಮೊದಲೇ ಗೊತ್ತಿರುವುದನ್ನು ಕಣ್ಣು ಹಿಂಬಾಲಿಸುತ್ತದೆ.

ಒತ್ತಿನಲ್ಲಿ ಸಜಾತೀಯ, ಅಂದರೆ ಅದೇ ಅಕ್ಷರಕ್ಕೆ ಅದರದೇ ಒತ್ತು, ಮೊದಲು: ಅಕ್ಕ, ಅಜ್ಜ, ಹಕ್ಕಿ, ಬೆಕ್ಕು. ಹೆಚ್ಚಿನ ಒತ್ತುಗಳು ಮೂಲ ಅಕ್ಷರ ತಲಕಟ್ಟು ಕಳಚಿ ಸಣ್ಣದಾಗಿ ಕೂತಂತೆ ಕಾಣುತ್ತವೆ. ತ ನ ಮ ಯ ರ ಲ ಈ ಆರರ ಒತ್ತು ಮಾತ್ರ ಮೂಲವನ್ನು ಹೋಲುವುದಿಲ್ಲ. ಇವಕ್ಕೆ ಬೇರೆ ಆರು ಕಾರ್ಡು ಮಾಡಿ ವಾರಕ್ಕೆ ಎರಡರಂತೆ ಕಲಿಸಿ: ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು.

ಅರ್ಕಾವೊತ್ತು ಕೊನೆಗೆ. ಕಣ್ಣಿಗೆ ಆಮೇಲೆ ಕಾಣುವುದನ್ನು ಬಾಯಿ ಮೊದಲು ಹೇಳಬೇಕು. ಹಾಗಾಗಿ ‘ಗೋಕರ್ಣ’ ಮೊದಮೊದಲು ‘ಗೋಕಣರ’ ಆಗುತ್ತದೆ. ಪೆನ್ಸಿಲಿನಲ್ಲಿ ಅರ್ಕಾವೊತ್ತಿನಿಂದ ಹಿಂದಕ್ಕೆ ಒಂದು ಬಾಣ ಎಳೆದು ಓದಿಸಿ: ಗೋಕರ್ಣ, ಸೂರ್ಯ, ವರ್ಷ. ಎರಡು ವಾರದಲ್ಲಿ ಬಾಣ ಅಳಿಸಬಹುದು.

## ಹಂತ 6: ಉದ್ದ ಪದ ಒಡೆಯುವುದು

ಕನ್ನಡ ಪದಕ್ಕೆ ಬಾಲ ಬೆಳೆಯುತ್ತದೆ. ಎಲ್ಲ ಅಕ್ಷರ ಬರುವ ಮಗುವೂ ‘ದೋಣಿಯಲ್ಲಿದ್ದವರು’ ಕಂಡರೆ ಒಂದೊಂದೇ ಅಕ್ಷರ ಎಳೆಯುತ್ತದೆ, ಕೊನೆ ಮುಟ್ಟುವ ಹೊತ್ತಿಗೆ ಆರಂಭ ಮರೆತಿರುತ್ತದೆ. ಎರಡನೇ ಇಯತ್ತೆಯ ಮಕ್ಕಳು ಪುಸ್ತಕ ಬಿಡುವುದು ಹೆಚ್ಚಾಗಿ ಇಲ್ಲೇ. ಆದರೆ ಇದನ್ನು ಹೇಳಿಕೊಡುವವರೇ ಕಡಿಮೆ.

10 ಇಂಚು ಉದ್ದದ ಕಾಗದದ ಪಟ್ಟಿಯಲ್ಲಿ ಆ ಪದ ದೊಡ್ಡದಾಗಿ ಬರೆದು ಬೀಸಣಿಗೆಯಂತೆ ಮಡಚಿ. ಮೊದಲು ‘ದೋಣಿ’ ಮಾತ್ರ ಕಾಣಲಿ. ಒಂದು ಮಡಿಕೆ ಬಿಡಿಸಿದರೆ ‘ದೋಣಿಯಲ್ಲಿ’, ಇನ್ನೊಂದಕ್ಕೆ ‘ದೋಣಿಯಲ್ಲಿದ್ದ’, ಕೊನೆಗೆ ಪೂರ್ತಿ. ಪ್ರತಿ ಮಡಿಕೆಗೂ ಮೊದಲಿನಿಂದ ಓದಿಸಿ. ತೋಟ, ತೋಟದ, ತೋಟದಲ್ಲಿ, ತೋಟದಲ್ಲಿದೆ ಹೀಗೆ ದಿನಕ್ಕೆ ಎರಡು ಪಟ್ಟಿ, ಮೂರು ವಾರ.

ಜೊತೆಗೆ ಬಾಲಗಳನ್ನೇ ಕಾರ್ಡಾಗಿಸಿ: -ಅಲ್ಲಿ, -ಇಂದ, -ಕ್ಕೆ, -ಅನ್ನು, -ಗಳು, -ತ್ತದೆ. ಇವನ್ನು ಅಕ್ಷರ ಕೂಡಿಸದೆ ಒಂದೇ ನೋಟಕ್ಕೆ ಗುರುತಿಸುವಂತಾಗಬೇಕು. ಆಗ ಪುಟದ ಅರ್ಧ ಭಾರ ಇಳಿದಂತೆ. ಪುಸ್ತಕ ಓದುವಾಗ ನಿಮ್ಮ ಬೆರಳಿಂದ ಬಾಲ ಮುಚ್ಚಿ, ತಲೆ ಓದಿದ ಮೇಲೆ ಸರಿಸಿ.

## ಹಂತ 7: ಸಾಲು, ಪುಟ, ಪುಸ್ತಕ

ಒಂದು ಸಾಲು ನೀವು ಓದಿ, ಅದೇ ಸಾಲು ಮಗು ಓದಲಿ. ಒಂದು ವಾರದ ಮೇಲೆ ಇಬ್ಬರೂ ಒಟ್ಟಿಗೆ. ಆಮೇಲೆ ಸಾಲು ಬಿಟ್ಟು ಸಾಲು. ಕೊನೆಗೆ ಮಗು ಒಂದೇ. ಸಾಲು ತಪ್ಪುವ ಮಗುವಿಗೆ ಕಿಂಡಿ ಪಟ್ಟಿ ಕೊಡಿ.

ತಡವರಿಸಿದರೆ ಐದು ಸೆಕೆಂಡು ಸುಮ್ಮನಿರಿ. ಕಾಯುವುದು ದೊಡ್ಡವರಿಗೆ ಕಷ್ಟ, ಆದರೂ ಕಾಯಿರಿ. ಬಾರದಿದ್ದರೆ ಪದ ಹೇಳಿಬಿಡಿ, ‘ನಿನ್ನೆ ಬಂದಿತ್ತಲ್ಲ’ ಎನ್ನಬೇಡಿ. ಅರ್ಥ ಕೆಡುವಂತೆ ತಪ್ಪಿದರೆ ಸಾಲು ಮುಗಿದ ಮೇಲೆ ‘ಹಾಗಂದ್ರೆ ಸರಿ ಆಯ್ತಾ?’ ಎಂದು ಕೇಳಿ, ತಾನೇ ತಿರುಗಿ ನೋಡಲಿ. 30 ಪದದ ಪುಟದಲ್ಲಿ ಐದಕ್ಕಿಂತ ಹೆಚ್ಚು ಕಡೆ ಸಿಕ್ಕಿಹಾಕಿಕೊಂಡರೆ ಪುಸ್ತಕ ಕಷ್ಟದ್ದು. ಅದನ್ನು ರಾತ್ರಿ ನೀವು ಓದಿ ಹೇಳಿ, ಮಗುವಿಗೆ ಸುಲಭದ್ದು ಕೊಡಿ. ಪುಸ್ತಕ ಆರಿಸುವುದು ಮಗುವೇ ಆಗಿರಲಿ.

## ಮನೆಮಾತು ಬೇರೆಯಾದರೆ

ಕಾರವಾರ ಕಡೆಯ ಕೊಂಕಣಿ ಮನೆಯಲ್ಲಿ ಮನೆಗೆ ‘ಘರ’, ಬೆಕ್ಕಿಗೆ ‘ಮಾಜರ’. ಆ ಮಗು ‘ಬೆಕ್ಕು’ ಎಂದು ಸರಿಯಾಗಿ ಓದಿಯೂ ಸುಮ್ಮನೆ ಕೂತರೆ ಓದು ಬಂದಿಲ್ಲವೆಂದಲ್ಲ, ಪದ ಗೊತ್ತಿಲ್ಲ. ಹೊಸ ಪುಸ್ತಕ ಕೊಡುವ ಮುಂಚೆ ಚಿತ್ರಗಳನ್ನು ಮನೆಮಾತಿನಲ್ಲೇ ಮಾತಾಡಿ, ಐದಾರು ಕನ್ನಡ ಪದ ಬಾಯಿಗೆ ಹಾಕಿ, ಆಮೇಲೆ ಓದಿಸಿ. ಕತೆ ಕೇಳಿ ಕೊಂಕಣಿಯಲ್ಲಿ ತಿರುಗಿ ಹೇಳಿದರೂ ಅದು ಅರ್ಥವಾದ ಓದೇ.

ಹವ್ಯಕ ಕನ್ನಡ ಆಡುವ ಮನೆಯ ಮಾಣಿ (ಹುಡುಗ) ಪುಸ್ತಕದ ‘ನಾನು’ ಕಂಡು ‘ಆನು’ ಎಂದರೆ, ಇನ್ನೊಂದು ಮನೆಯ ಮಗು ‘ಹೋಗುತ್ತಾನೆ’ಯನ್ನು ‘ಹೋಗ್ತಾ’ ಎಂದರೆ ನಗಬೇಡಿ, ಗದರಬೇಡಿ. ಅರ್ಥ ಹಿಡಿದವರು ಮಾತ್ರ ಹೀಗೆ ತಪ್ಪುತ್ತಾರೆ. ‘ಹೌದು, ಪುಸ್ತಕದಲ್ಲಿ ಹೀಗೆ ಬರೀತಾರೆ’ ಎಂದು ಒಮ್ಮೆ ಓದಿ ತೋರಿಸಿ ಮುಂದೆ ಹೋಗಿ. ಇಂಗ್ಲಿಷ್ ಶಾಲೆಯ ಮಗುವಾದರೆ ಎರಡು ಲಿಪಿಯನ್ನು ಒಂದೇ ಕೂತಿಗೆ ಕಲಿಸಬೇಡಿ, ಹೊತ್ತು ಬೇರೆ ಇರಲಿ.

## ಯಾವಾಗ ಎಚ್ಚರಾಗಬೇಕು

ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ತಲೆ ಓರೆ ಮಾಡಿ ನೋಡುವುದು, ಓದುವಾಗ ಕಣ್ಣಲ್ಲಿ ನೀರು ಅಥವಾ ತಲೆನೋವು: ಮೊದಲು ಕಣ್ಣು ತೋರಿಸಿ. ಪದೇ ಪದೇ ಕಿವಿ ಸೋರುವ, ಟಿವಿ ದನಿ ಹೆಚ್ಚಿಸುವ, ಗ-ಕ, ಬ-ಪ ಬೇರೆ ಮಾಡಲಾಗದ ಮಗುವಿಗೆ ಕಿವಿ ಪರೀಕ್ಷೆ ಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ, ಏನು ಕಂಡಿದ್ದೀರೆಂದು ಶಿಕ್ಷಕರಿಗೆ ಚೀಟಿ ಬರೆದು ಕೊಡಿ.

ಕಣ್ಣು, ಕಿವಿ ಸರಿಯಿದ್ದು, ದಿನವೂ ಕಲಿಸಿ, ಎರಡನೇ ತರಗತಿ ಮುಗಿಯುವ ಹೊತ್ತಿಗೂ ಎರಡು ಅಕ್ಷರದ ಪದ ಕೂಡಿಸಲಾಗದಿದ್ದರೆ ‘ದೊಡ್ಡಾದ ಮೇಲೆ ಸರಿ ಹೋಗ್ತದೆ’ ಎಂದು ಕಾಯಬೇಡಿ. ಕಲಿಕಾ ತೊಂದರೆಯ ತಪಾಸಣೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಗುತ್ತದೆ. ಬುದ್ಧಿ ಚುರುಕಿರುವ ಮಕ್ಕಳಿಗೂ ಈ ತೊಂದರೆ ಇರಬಹುದು. ಹೊಡೆದರೆ, ಟ್ಯೂಷನ್ ಹೆಚ್ಚಿಸಿದರೆ ಹೋಗುವಂಥದ್ದಲ್ಲ.

ಪುಸ್ತಕ ಕಂಡರೆ ಹೊಟ್ಟೆನೋವು ಎನ್ನುವ ಮಗುವಿಗೆ ಒಂದು ತಿಂಗಳು ಕಾರ್ಡು, ಸ್ಲೇಟು ಎಲ್ಲ ಒಳಗಿಡಿ. ಕತೆ ಮಾತ್ರ ಓದಿ ಹೇಳಿ.

## ಮಳೆಗಾಲದಲ್ಲಿ ಪುಸ್ತಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗೋಡೆಗೆ ತಾಗಿಸಿಟ್ಟ ಪುಸ್ತಕ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಎರಡಡಿ ಮೇಲೆ, ಮಗುವಿನ ಕೈಗೆ ಸಿಗುವಂತೆ ಹಗ್ಗ ಕಟ್ಟಿ ಪುಸ್ತಕಗಳನ್ನು ನಡುವೆ ತೆರೆದು ನೇತುಹಾಕಿ. ಗಾಳಿಯಾಡುತ್ತದೆ, ಮುಖಪುಟವೂ ಕಾಣುತ್ತದೆ. ಬಿಸಿಲು ಬಿದ್ದ ದಿನ ಜಗಲಿಯಲ್ಲಿ ಹರಡಿ, ಒಣ ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನೂ ಬೇಗ ಕೆಡುತ್ತದೆ. ಅಕ್ಷರದ ಕಾರ್ಡುಗಳನ್ನು ಬಿಸ್ಕಿಟ್ ಡಬ್ಬದಲ್ಲಿ ಹಾಕಿ, ತೆಳು ಬಟ್ಟೆಯಲ್ಲಿ ಒಂದು ಹಿಡಿ ಹುರಿದ ಅಕ್ಕಿ ಕಟ್ಟಿ ಜೊತೆಗಿಟ್ಟರೆ ತೇವ ಎಳೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಅಕ್ಕಿ ಬದಲಿಸಿ.